ಶೇಕಡಾ 25 ಅಂದರೆ, ಯಾವ ನೂರು ಜನರಲ್ಲಿ?

ಭಾನುವಾರ ಬೆಳಿಗ್ಗೆ ಮಾಟುಂಗಾದಲ್ಲೋ ಡೊಂಬಿವ್ಲಿಯಲ್ಲೋ ಕನ್ನಡ ಸಂಘದವರು ಆರೋಗ್ಯ ತಪಾಸಣೆ ಶಿಬಿರ ಇಟ್ಟರೆ ಕೈಗೆ ಬರುವ ರಿಪೋರ್ಟಿನ ಕೊನೆಯಲ್ಲಿ ಈಗೀಗ ಒಂದು ಹೊಸ ಸಾಲು ಕಾಣಿಸಿಕೊಳ್ಳುತ್ತದೆ: ‘ಹತ್ತು ವರ್ಷದ ಹೃದಯರೋಗದ ಅಪಾಯ: ಶೇ. 24.7’. ಬಿಪಿ ಎಷ್ಟಿದ್ದರೆ ಸರಿ, ಶುಗರ್ ಎಷ್ಟಿದ್ದರೆ ಹೆಚ್ಚು ಅನ್ನುವುದು ಇಂದು ಮನೆಮನೆಗೂ ಗೊತ್ತು. ಈ ಸಾಲು ಮಾತ್ರ ಬೇರೆ ಜಾತಿಯದು. ಬಿಪಿಯನ್ನು ತೋಳಿಗೆ ಪಟ್ಟಿ ಸುತ್ತಿ ಅಳೆಯಬಹುದು. ಅಪಾಯವನ್ನು ಅಳೆಯುವ ಉಪಕರಣ ಯಾವ ಲ್ಯಾಬಿನಲ್ಲೂ ಇಲ್ಲ. ಅದು ಕೂಡಿ ಗುಣಿಸಿ ತಂದ ಅಂಕಿ, ಅದೂ ಬೇರೆ ಯಾರದೋ ಆಯುಸ್ಸಿನ ಲೆಕ್ಕದ ಮೇಲೆ.

24.7ರ ಅರ್ಥ ಇಷ್ಟು: ಇದೇ ವಯಸ್ಸು, ಇದೇ ಬಿಪಿ, ಇದೇ ಕೊಲೆಸ್ಟರಾಲ್ ಇರುವ ನೂರು ಜನರನ್ನು ಹತ್ತು ವರ್ಷ ಗಮನಿಸಿದರೆ ಸುಮಾರು 25 ಜನರಿಗೆ ಹೃದಯ ಅಥವಾ ರಕ್ತನಾಳದ ತೊಂದರೆ ಬರುತ್ತದೆ, 75 ಜನರಿಗೆ ಬರುವುದಿಲ್ಲ. ಆ 25ರಲ್ಲಿ ನೀವು ಇದ್ದೀರೋ ಇಲ್ಲವೋ ಎಂದು ಸೂತ್ರ ಹೇಳುವುದಿಲ್ಲ, ಹೇಳಲು ಬರುವುದೂ ಇಲ್ಲ. ಅಂಕಿ ಗುಂಪಿನದು. ಹಾಗಾಗಿ ರಿಪೋರ್ಟ್ ಹಿಡಿದವರು ಮೊದಲು ಕೇಳಬೇಕಾದದ್ದು ‘ಯಾವ ನೂರು ಜನ?’ ಎಂದು.

ಫ್ರೇಮಿಂಗ್‌ಹ್ಯಾಮಿನ ಗುಣಾಕಾರ

ಇಂಥ ಲೆಕ್ಕಗಳ ಮೂಲ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಫ್ರೇಮಿಂಗ್‌ಹ್ಯಾಮ್ ಎಂಬ ಪಟ್ಟಣ. 1948ರಿಂದ ಅಲ್ಲಿ 30ರಿಂದ 62 ವಯಸ್ಸಿನ 5,209 ಜನರನ್ನು ನೋಂದಾಯಿಸಿಕೊಂಡು ಎರಡು ವರ್ಷಕ್ಕೊಮ್ಮೆ ತಪಾಸಣೆ ಮಾಡುತ್ತ ಹೋದರು. ಯಾರಿಗೆ ಹೃದಯಾಘಾತವಾಯಿತು, ಯಾರಿಗೆ ಆಗಲಿಲ್ಲ, ಅವರ ಹಿಂದಿನ ಬಿಪಿ, ಕೊಲೆಸ್ಟರಾಲ್ ಎಷ್ಟಿತ್ತು ಎಂದು ತಾಳೆ ನೋಡಿದರು. 2008ರಲ್ಲಿ ಪ್ರಕಟವಾದ ಫ್ರೇಮಿಂಗ್‌ಹ್ಯಾಮ್ ಸೂತ್ರ 30ರಿಂದ 74 ವಯಸ್ಸಿನ 8,491 ಜನರ, 1,174 ಘಟನೆಗಳ ಮೇಲೆ ನಿಂತಿದೆ. ಹಲವು ಆ್ಯಪ್‌ಗಳ ಒಳಗೆ ಇವತ್ತಿಗೂ ಓಡುತ್ತಿರುವುದು ಅದೇ.

ಒಳಗೆ ಏನಿದೆ ಎಂದು ಒಮ್ಮೆ ಕೈಯಾರೆ ಲೆಕ್ಕ ಹಾಕಿ ನೋಡುವುದು ಒಳ್ಳೆಯದು. ಹೋಟೆಲಿನ ಗಲ್ಲಾಪೆಟ್ಟಿಗೆಯ ಹಿಂದೆ ಕೂರುವ 52 ವರ್ಷದ ಒಬ್ಬರನ್ನು ಕಲ್ಪಿಸಿಕೊಳ್ಳಿ. ಒಟ್ಟು ಕೊಲೆಸ್ಟರಾಲ್ 210, ಎಚ್‌ಡಿಎಲ್ (ಒಳ್ಳೆಯ ಕೊಲೆಸ್ಟರಾಲ್) 38, ಮೇಲಿನ ಬಿಪಿ 142, ಬಿಪಿ ಮಾತ್ರೆ ಇಲ್ಲ, ಶುಗರ್ ಇದೆ, ಸಿಗರೇಟು ಇಲ್ಲ. ಸೂತ್ರ ಪ್ರತಿ ಅಂಕಿಯ ನೈಸರ್ಗಿಕ ಲಾಗರಿದಮ್ ತೆಗೆದು ಅದನ್ನೊಂದು ಗುಣಾಂಕದಿಂದ ಗುಣಿಸುತ್ತದೆ. ಪುರುಷರಿಗೆ ವಯಸ್ಸಿನ ಗುಣಾಂಕ 3.06117, 52ರ ಲಾಗ್ 3.9512, ಗುಣಿಸಿದರೆ 12.095. ಕೊಲೆಸ್ಟರಾಲಿನ ಗುಣಾಂಕ 1.12370, ಅದರಿಂದ 6.009. ಎಚ್‌ಡಿಎಲ್ ಒಳ್ಳೆಯದಾದ್ದರಿಂದ ಅದರದು ಋಣ ಗುಣಾಂಕ, –0.93263, ಇಲ್ಲಿ 3.393 ಕಳೆಯುತ್ತದೆ. ಮಾತ್ರೆ ಇಲ್ಲದ ಬಿಪಿಗೆ 1.93303, ಅದು 9.580 ಕೊಡುತ್ತದೆ. ಶುಗರ್ ಇದ್ದರೆ ನೇರವಾಗಿ 0.57367 ಸೇರಿಸಬೇಕು, ಸಿಗರೇಟು ಇದ್ದರೆ 0.65451.

ಎಲ್ಲ ಕೂಡಿದರೆ 24.865. ಇದರಿಂದ ಫ್ರೇಮಿಂಗ್‌ಹ್ಯಾಮ್ ಪುರುಷರ ಸರಾಸರಿ ಮೊತ್ತ 23.9802 ಕಳೆಯಿರಿ: 0.885 ಉಳಿಯುತ್ತದೆ. ಇ (ಗಣಿತದ ಸ್ಥಿರ ಸಂಖ್ಯೆ, ಸುಮಾರು 2.718) ಘಾತ 0.885 ಅಂದರೆ 2.42. ಅಲ್ಲಿನ ‘ಸರಾಸರಿ ಗಂಡಸಿ’ಗಿಂತ ನಮ್ಮವರ ಅಪಾಯದ ವೇಗ 2.42 ಪಟ್ಟು ಎಂದು ಅರ್ಥ. ಆ ಸರಾಸರಿ ಗಂಡಸು ಹತ್ತು ವರ್ಷ ಏನೂ ಆಗದೆ ಉಳಿಯುವ ಸಂಭವ 0.88936. ಅದನ್ನು 2.42ರ ಘಾತಕ್ಕೆ ಏರಿಸಿದರೆ 0.753, ಒಂದರಿಂದ ಕಳೆದರೆ 0.247. ಅದೇ ಶೇ. 24.7.

ಸೂತ್ರ ಇಷ್ಟೇ. ಶುಗರ್ ಇಲ್ಲದಿದ್ದರೆ ಇದೇ ವ್ಯಕ್ತಿಯ ಲೆಕ್ಕ ಶೇ. 14.8ಕ್ಕೆ ಇಳಿಯುತ್ತದೆ, ಶುಗರ್ ಜೊತೆಗೆ ಸಿಗರೇಟೂ ಇದ್ದರೆ 42.1ಕ್ಕೆ ಏರುತ್ತದೆ. ಬಿಪಿ ಅಳೆಯುವಾಗ 10 ಅಂಕ ಹೆಚ್ಚು ತೋರಿಸಿದರೆ, ಅಂದರೆ 142ರ ಬದಲು 152 ಬರೆದುಕೊಂಡರೆ, 24.7 ಹೋಗಿ 27.7 ಆಗುತ್ತದೆ. ಶಿಬಿರದಲ್ಲಿ ಮೆಟ್ಟಿಲು ಹತ್ತಿ ಬಂದವರನ್ನು ಕೂರಿಸಿದ ತಕ್ಷಣ, ಮಾತಾಡಿಸುತ್ತಲೇ, ದಪ್ಪ ತೋಳಿಗೆ ಚಿಕ್ಕ ಪಟ್ಟಿ ಸುತ್ತಿ ಒಂದೇ ಸಲ ಅಳೆದರೆ 10 ಅಂಕ ಏರುವುದು ದೊಡ್ಡ ಮಾತಲ್ಲ. ಐದು ನಿಮಿಷ ಸುಮ್ಮನೆ ಕೂತಿರಬೇಕು, ಬೆನ್ನಿಗೆ ಆಸರೆ ಇರಬೇಕು, ಪಾದ ನೆಲಕ್ಕೆ ಊರಿರಬೇಕು, ತೋಳು ಎದೆಯ ಮಟ್ಟದಲ್ಲಿರಬೇಕು, ಒಂದು ನಿಮಿಷ ಬಿಟ್ಟು ಮತ್ತೊಮ್ಮೆ ಅಳೆದು ಸರಾಸರಿ ತೆಗೆಯಬೇಕು. ದಶಮಾಂಶದ ನಂತರದ ಅಂಕಿಗೆ ಜೋತುಬೀಳುವ ಮೊದಲು ಇಷ್ಟನ್ನು ಸರಿಮಾಡಿಕೊಂಡರೆ ಸಾಕಷ್ಟಾಯಿತು. ಬ್ರಿಟಿಷ್ ಕ್ಯಾಲ್ಕುಲೇಟರ್ ಬಳಸುವವರು ಮಾನವನ್ನೂ ನೋಡಿಕೊಳ್ಳಬೇಕು: ಅಲ್ಲಿ ಕೊಲೆಸ್ಟರಾಲ್ ಮಿಲಿಮೋಲ್ ಲೆಕ್ಕದಲ್ಲಿರುತ್ತದೆ. ನಮ್ಮ ಮಿಲಿಗ್ರಾಮ್ ಅಂಕಿಯನ್ನು 38.67ರಿಂದ ಭಾಗಿಸಬೇಕು, 210 ಅಂದರೆ 5.43.

ಮಾತ್ರೆ ತೆಗೆದುಕೊಂಡರೆ ಅಪಾಯ ಹೆಚ್ಚೇ?

ಈಗ ಅದೇ ಗಲ್ಲಾದವರು ಡಾಕ್ಟರ ಮಾತು ಕೇಳಿ ಬಿಪಿ ಮಾತ್ರೆ ಶುರುಮಾಡಿದರು, ಬಿಪಿ 142ರಿಂದ 125ಕ್ಕೆ ಇಳಿಯಿತು ಎನ್ನಿ. ಆ್ಯಪಿನಲ್ಲಿ ಹೊಸ ಅಂಕಿ ಹಾಕಿ ‘ಬಿಪಿ ಮಾತ್ರೆ: ಹೌದು’ ಎಂದು ಗುರುತು ಮಾಡಿದರೆ ಬರುವ ಉತ್ತರ ಶೇ. 26.3. ಇಳಿಯುವ ಬದಲು ಏರಿತು!

ಆ್ಯಪ್ ಕೆಟ್ಟಿಲ್ಲ. ಮಾತ್ರೆ ತೆಗೆದುಕೊಳ್ಳುವವರಿಗೆ ಸೂತ್ರದಲ್ಲಿ ಬಿಪಿಯ ಗುಣಾಂಕವೇ ಬೇರೆ, 1.99881. ಫ್ರೇಮಿಂಗ್‌ಹ್ಯಾಮಿನಲ್ಲಿ ಮಾತ್ರೆ ನುಂಗಿ 125ಕ್ಕೆ ಬಂದವರು ಅದಕ್ಕೂ ಮೊದಲು ಹಲವು ವರ್ಷ ಹೆಚ್ಚಿನ ಒತ್ತಡದಲ್ಲಿ ರಕ್ತನಾಳ ಸವೆಸಿಕೊಂಡವರು. ಹುಟ್ಟಾ 125 ಇರುವವರಿಗಿಂತ ಅವರಿಗೆ ತೊಂದರೆ ಹೆಚ್ಚು ಬಂತು, ಸೂತ್ರ ಅದನ್ನೇ ದಾಖಲಿಸಿಕೊಂಡಿತು. ‘ಮಾತ್ರೆ’ ಎಂಬ ಕಾಲಂ ಇಲ್ಲಿ ಔಷಧಿಯ ಪರಿಣಾಮವನ್ನು ಹೇಳುತ್ತಿಲ್ಲ, ಹಳೆಯ ಬಿಪಿಯ ಸಾಕ್ಷಿ ನುಡಿಯುತ್ತಿದೆ.

ಈ ಒಂದು ಅಂಶ ಬಿಟ್ಟುಹೋದರೆ ಇಡೀ ವಿಷಯವೇ ತಲೆಕೆಳಗಾಗುತ್ತದೆ. ಅಪಾಯದ ಸೂತ್ರ ಇಬ್ಬರು ಬೇರೆ ಬೇರೆ ಜನರನ್ನು ಹೋಲಿಸುತ್ತದೆ. ಒಬ್ಬರೇ ಬದಲಾದರೆ ಏನಾಗುತ್ತದೆ ಎಂದು ಅದಕ್ಕೆ ತಿಳಿಯದು. ಅದನ್ನು ತಿಳಿಯಲು ಚೀಟಿ ಎತ್ತಿದಂತೆ ಅರ್ಧ ಜನರಿಗೆ ಔಷಧಿ, ಇನ್ನರ್ಧಕ್ಕೆ ಬೇರೆ ಕೊಟ್ಟು ನೋಡಿದ ಪ್ರಯೋಗಗಳೇ ಬೇಕು. ಅಂಥ ಹಲವು ಪ್ರಯೋಗಗಳನ್ನು ಒಟ್ಟುಮಾಡಿ ನೋಡಿದಾಗ ಮೇಲಿನ ಬಿಪಿ 10 ಅಂಕ ಇಳಿಸಿದರೆ ಹೃದಯ ಮತ್ತು ರಕ್ತನಾಳದ ದೊಡ್ಡ ಘಟನೆಗಳು ಸುಮಾರು ಐದನೇ ಒಂದು ಭಾಗ ಕಡಿಮೆಯಾಗುತ್ತವೆ ಎಂದು ಕಂಡಿದೆ. ಕೊಲೆಸ್ಟರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆಯಿಂದ ಎಲ್‌ಡಿಎಲ್ (ಕೆಟ್ಟ ಕೊಲೆಸ್ಟರಾಲ್) 1 ಮಿಲಿಮೋಲ್, ಅಂದರೆ ಸುಮಾರು 39 ಮಿಲಿಗ್ರಾಮ್ ಇಳಿಸಿದರೂ ಹೆಚ್ಚುಕಡಿಮೆ ಅಷ್ಟೇ.

ಹಾಗಾಗಿ ಸರಿಯಾದ ಕ್ರಮ ಎರಡು ಹೆಜ್ಜೆಯದು. ಮಾತ್ರೆಗೆ ಮುಂಚಿನ ಅಪಾಯವನ್ನು ಸೂತ್ರದಿಂದ ತೆಗೆಯಿರಿ: 24.7. ಅದರಿಂದ, 10 ಅಂಕದ ಇಳಿಕೆಗೆ ಪ್ರಯೋಗಗಳು ಹೇಳಿದ ಐದನೇ ಒಂದು ಭಾಗ ಕಳೆಯಿರಿ: ಸುಮಾರು 20. ನೂರರಲ್ಲಿ ಐದು ಜನ ಪಾರಾದರು. ಇಪ್ಪತ್ತು ಜನ ಹತ್ತು ವರ್ಷ ಮಾತ್ರೆ ತೆಗೆದುಕೊಂಡರೆ ಒಬ್ಬರಿಗೆ ತಪ್ಪುತ್ತದೆ. ಮೂಲ ಅಪಾಯ ಶೇ. 5 ಇದ್ದವರಿಗೆ ಅದೇ ಮಾತ್ರೆಯಿಂದ 5 ಹೋಗಿ 4 ಆಗುತ್ತದೆ, ನೂರು ಜನ ನುಂಗಿದರೆ ಒಬ್ಬರಿಗೆ ಲಾಭ. ಔಷಧಿ ಯಾರಿಗೆ ಕೊಡಬೇಕು, ಯಾರಿಗೆ ಕಾಯಬಹುದು ಎನ್ನುವ ತೀರ್ಮಾನಕ್ಕೆ ಅಪಾಯದ ಅಂಕಿ ಬೇಕಾಗುವುದು ಇಲ್ಲೇ.

ಊರಿಗೆ ಹೋದವರು

ಹತ್ತು ವರ್ಷ ಜನರನ್ನು ಗಮನಿಸುವುದು ಹೇಳಿದಷ್ಟು ಸುಲಭವಲ್ಲ. ಕೆಲವರು ಮೂರನೇ ವರ್ಷಕ್ಕೇ ಕೈತಪ್ಪಿ ಹೋಗುತ್ತಾರೆ. ಅವರನ್ನು ‘ರೋಗ ಬರಲಿಲ್ಲ’ ಎಂದು ಬರೆದರೆ ಸುಳ್ಳು. ಪಟ್ಟಿಯಿಂದಲೇ ತೆಗೆದರೆ ಮೂರು ವರ್ಷದ ಮಾಹಿತಿ ನಷ್ಟ. 1972ರಲ್ಲಿ ಇಂಗ್ಲೆಂಡಿನ ಡೇವಿಡ್ ಕಾಕ್ಸ್ ಕೊಟ್ಟ ವಿಧಾನ ಇದನ್ನು ಚೆನ್ನಾಗಿ ಬಿಡಿಸಿತು. ಪ್ರತಿ ಸಲ ಒಬ್ಬರಿಗೆ ಘಟನೆ ನಡೆದಾಗ, ಆ ದಿನದವರೆಗೆ ಇನ್ನೂ ಕಣ್ಗಾವಲಿನಲ್ಲಿ ಉಳಿದವರ ಪೈಕಿ ಇವರಿಗೇ ಏಕೆ ಬಂತು ಎಂದು ಹೋಲಿಸುತ್ತ ಹೋಗುವುದು. ಬಿಟ್ಟುಹೋದವರು ತಾವಿದ್ದ ದಿನದವರೆಗೆ ಮಾತ್ರ ಲೆಕ್ಕಕ್ಕೆ ಬರುತ್ತಾರೆ. ಮೇಲಿನ ಫ್ರೇಮಿಂಗ್‌ಹ್ಯಾಮ್ ಗುಣಾಂಕಗಳೆಲ್ಲ ಈ ವಿಧಾನದಿಂದಲೇ ಬಂದವು.

ಆದರೆ ಕಾಕ್ಸ್ ವಿಧಾನಕ್ಕೊಂದು ಷರತ್ತಿದೆ: ಬಿಟ್ಟುಹೋದವರು ರೋಗದ ಕಾರಣಕ್ಕೆ ಬಿಟ್ಟುಹೋಗಿರಬಾರದು. ಮುಂಬಯಿಯ ಕನ್ನಡಿಗರ, ತುಳುವರ ಬದುಕು ಬಲ್ಲವರಿಗೆ ಇದರ ಕಷ್ಟ ತಕ್ಷಣ ಹೊಳೆಯುತ್ತದೆ. ಹೋಟೆಲಿನಲ್ಲೋ ಕ್ಯಾಂಟೀನಿನಲ್ಲೋ ಮೂವತ್ತು ವರ್ಷ ದುಡಿದವರು ಮೈ ಕೈ ಸೋತಾಗ ‘ಇನ್ನು ಊರೇ ಲೇಸು’ ಎಂದು ಕುಂದಾಪುರಕ್ಕೋ ವಿಜಯಪುರಕ್ಕೋ ರೈಲು ಹತ್ತುತ್ತಾರೆ. ಎದೆ ಹಿಡಿದುಕೊಂಡದ್ದು ಅಲ್ಲಿ, ಆಸ್ಪತ್ರೆ ಸೇರಿದ್ದು ಮಣಿಪಾಲದಲ್ಲಿ. ಮುಂಬಯಿಯ ಆಸ್ಪತ್ರೆಯ ಕಂಪ್ಯೂಟರಿನಲ್ಲಿ ಅವರ ಕೊನೆಯ ದಾಖಲೆ ‘ಬಿಪಿ ತಪಾಸಣೆ, ಮಾತ್ರೆ ಮುಂದುವರಿಸಿ’. ಈ ಡೇಟಾದಿಂದ ಮಾಡಿದ ಮಾಡೆಲ್ ನಮ್ಮವರ ಅಪಾಯವನ್ನು ಕಡಿಮೆಯೆಂದೇ ಹೇಳುತ್ತದೆ. ಕಾಯಿಲೆಯವರೇ ಆರಿಸಿ ಎದ್ದುಹೋದ ಮೇಲೆ ಉಳಿದವರನ್ನು ಎಣಿಸಿದಂತೆ. ಇದಕ್ಕೆ ಗಣಿತದ ಪರಿಹಾರ ಅಷ್ಟಿಷ್ಟು ಇದ್ದರೂ ಫೋನ್ ಮಾಡಿ ವಿಚಾರಿಸುವುದಕ್ಕೆ, ಮರಣ ನೋಂದಣಿಯ ಜೊತೆ ತಾಳೆ ನೋಡುವುದಕ್ಕೆ ಸಮನಾದದ್ದು ಯಾವುದೂ ಇಲ್ಲ.

ಇಂಡಿಕೇಟರ್ ಸರಿ, ನಿಮಿಷ ತಪ್ಪು

ದಾದರ್ ನಿಲ್ದಾಣದ ಇಂಡಿಕೇಟರ್ ಎರಡು ವಿಷಯ ಹೇಳುತ್ತದೆ: ಯಾವ ಗಾಡಿ ಮೊದಲು, ಎಷ್ಟು ನಿಮಿಷಕ್ಕೆ. ಒಂದು ದಿನ ಅದು ಗಾಡಿಗಳ ಸರದಿಯನ್ನು ಸರಿಯಾಗಿ ತೋರಿಸಿ, ನಿಮಿಷಗಳನ್ನೆಲ್ಲ ಅರ್ಧಕ್ಕರ್ಧ ಕಡಿಮೆ ತೋರಿಸಬಹುದು. ಅಪಾಯದ ಮಾಡೆಲಿಗೂ ಈ ಎರಡು ಪರೀಕ್ಷೆ ಬೇರೆ ಬೇರೆಯೇ.

ಸರದಿಯ ಪರೀಕ್ಷೆಗೆ ಎಯುಸಿ ಎಂಬ ಅಳತೆ ಇದೆ. ರೋಗ ಬಂದ ಒಬ್ಬರನ್ನೂ ಬಾರದ ಒಬ್ಬರನ್ನೂ ಎತ್ತಿಕೊಳ್ಳಿ. ಬಂದವರಿಗೆ ಮಾಡೆಲ್ ಹೆಚ್ಚು ಅಂಕ ಕೊಟ್ಟಿದೆಯೇ? ಇಂಥ ಎಲ್ಲ ಜೋಡಿಗಳಲ್ಲಿ ಎಷ್ಟು ಪಾಲು ಸರಿ ಎನ್ನುವುದೇ ಎಯುಸಿ. ನಾಣ್ಯ ಚಿಮ್ಮಿದರೂ 0.5 ಬರುತ್ತದೆ. ಹೃದಯದ ಅಪಾಯ ಹೇಳುವ ಒಳ್ಳೆಯ ಮಾಡೆಲುಗಳು ಸಾಮಾನ್ಯವಾಗಿ 0.7ರಿಂದ 0.8ರ ಆಸುಪಾಸಿನಲ್ಲಿರುತ್ತವೆ.

ನಿಮಿಷದ ಪರೀಕ್ಷೆಗೆ ಕ್ಯಾಲಿಬ್ರೇಶನ್ ಎನ್ನುತ್ತಾರೆ. ‘ಶೇ. 20’ ಎಂದು ಹೇಳಿಸಿಕೊಂಡವರನ್ನೆಲ್ಲ ಒಂದೆಡೆ ಸೇರಿಸಿ ನೋಡಿದರೆ ನಿಜಕ್ಕೂ ನೂರಕ್ಕೆ ಇಪ್ಪತ್ತು ಜನರಿಗೆ ಬಂತೇ? ಚೀನಾದಲ್ಲಿ ಫ್ರೇಮಿಂಗ್‌ಹ್ಯಾಮ್ ಸೂತ್ರವನ್ನು ಹಾಗೆಯೇ ಬಳಸಿದಾಗ ಸರದಿ ಬಹುಮಟ್ಟಿಗೆ ಸರಿ ಬಂತು, ಅಂಕಿ ಮಾತ್ರ ವಾಸ್ತವಕ್ಕಿಂತ ಬಹಳ ಹೆಚ್ಚಾಯಿತು. ಗುಣಾಂಕಗಳನ್ನು ಹಾಗೇ ಇಟ್ಟು, ಅಲ್ಲಿನ ಸರಾಸರಿಯನ್ನೂ ಮೇಲಿನ 0.88936ರಂಥ ಮೂಲ ಅಂಕಿಯನ್ನೂ ಸ್ಥಳೀಯ ಅಂಕಿಗಳಿಂದ ಬದಲಾಯಿಸಿದಾಗ ಲೆಕ್ಕ ಹೊಂದಿತು.

ನಮ್ಮ ಪಾಲಿಗೆ ತಿರುವು ಇನ್ನೊಂದು ದಿಕ್ಕಿನದು. 52 ದೇಶಗಳಲ್ಲಿ ನಡೆದ ಇಂಟರ್‌ಹಾರ್ಟ್ ಅಧ್ಯಯನದಲ್ಲಿ ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತವಾದ ಸರಾಸರಿ ವಯಸ್ಸು 53. ಉಳಿದವರಿಗೆ ಸುಮಾರು 59. ಕಾರಣಗಳು ಹೊಸವೇನಲ್ಲ, ಅದೇ ತಂಬಾಕು, ಶುಗರ್, ಬಿಪಿ, ಕೊಲೆಸ್ಟರಾಲ್. ನಮಗೆ ಬೇಗ ಬರುತ್ತವೆ, ಅಷ್ಟೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ 85 ಅಧ್ಯಯನಗಳ ಡೇಟಾದಿಂದ ಹೊಸ ಕೋಷ್ಟಕ ಮಾಡಿ, ಜಗತ್ತಿನ 21 ಪ್ರದೇಶಗಳಿಗೆ ಪ್ರತ್ಯೇಕವಾಗಿ ಹೊಂದಿಸಿ ಕೊಟ್ಟಿತು. ದಕ್ಷಿಣ ಏಷ್ಯಾಕ್ಕೂ ಒಂದಿದೆ, ರಕ್ತಪರೀಕ್ಷೆ ಇದ್ದರೆ ಒಂದು, ಇಲ್ಲದಿದ್ದರೆ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಅಳತೆ) ಹಾಕುವ ಇನ್ನೊಂದು. ಅದರಲ್ಲಿ ನಮ್ಮ ಗಲ್ಲಾದವರ ಅಂಕಿ ಫ್ರೇಮಿಂಗ್‌ಹ್ಯಾಮಿನಷ್ಟೇ ಬರಬೇಕೆಂದಿಲ್ಲ. ಫ್ರೇಮಿಂಗ್‌ಹ್ಯಾಮ್ ಸೂತ್ರ ಎದೆನೋವು, ಹೃದಯ ವೈಫಲ್ಯ, ಕಾಲಿನ ರಕ್ತನಾಳದ ರೋಗವನ್ನೂ ಎಣಿಸುತ್ತದೆ. ಈ ಕೋಷ್ಟಕ ಎಣಿಸುವುದು ಹೃದಯಾಘಾತ, ಹೃದಯರೋಗದ ಸಾವು ಮತ್ತು ಪಾರ್ಶ್ವವಾಯುವನ್ನು ಮಾತ್ರ. ಎರಡು ಆ್ಯಪುಗಳು ಎರಡು ಉತ್ತರ ಕೊಟ್ಟರೆ ಬಹಳ ಸಲ ಜಗಳ ಇರುವುದು ಅಪಾಯದಲ್ಲಲ್ಲ, ಯಾವುದನ್ನು ‘ಘಟನೆ’ ಎಂದು ಎಣಿಸಿದರು ಎಂಬುದರಲ್ಲಿ.

ಕಾಲಂಗಳೂ ಊರಿನಿಂದ ಊರಿಗೆ ಅರ್ಥ ಬದಲಿಸುತ್ತವೆ. ಬಿಎಂಐ ನೋಡಿ. ಪುಣೆಯ ಕೆಇಎಂ ಆಸ್ಪತ್ರೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಜಾನ್ ಯುಡ್ಕಿನ್ 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ತಮ್ಮಿಬ್ಬರ ಫೋಟೋ ಹಾಕಿಸಿದರು. ಇಬ್ಬರ ಬಿಎಂಐ ಒಂದೇ, 22.3. ಯುಡ್ಕಿನ್ ದೇಹದಲ್ಲಿ ಕೊಬ್ಬು ಶೇ. 9.1, ಯಾಜ್ಞಿಕರದರಲ್ಲಿ ಶೇ. 21.2. ನೋಡಲು ತೆಳ್ಳಗೆ, ಒಳಗೆ ಕೊಬ್ಬು. ಇಲ್ಲಿ ಸೊಂಟದ ಅಳತೆ ಬಿಎಂಐಗಿಂತ ಹೆಚ್ಚು ನಿಜ ಹೇಳುತ್ತದೆ. ಭಾರತೀಯರಿಗೆ ಗಂಡಸರಲ್ಲಿ 90, ಹೆಂಗಸರಲ್ಲಿ 80 ಸೆಂಟಿಮೀಟರ್ ದಾಟಿದರೆ ಎಚ್ಚರ ಎನ್ನುವ ರೂಢಿ ಅದಕ್ಕೇ.

ತಂಬಾಕಿನದು ಇನ್ನೂ ದೊಡ್ಡ ಪೇಚು. ಹೆಚ್ಚಿನ ಸೂತ್ರಗಳು ಕೇಳುವುದು ‘ಸಿಗರೇಟು ಸೇದುತ್ತೀರಾ?’ ಎಂದು. ಗುಟ್ಕಾ ಅಗಿಯುವವರು, ಸುಣ್ಣ ಹಾಕಿ ತಂಬಾಕು ತಿಕ್ಕುವವರು, ಬೆಳಿಗ್ಗೆ ಮಶೇರಿಯಲ್ಲಿ (ಹುರಿದ ತಂಬಾಕಿನ ಪುಡಿ) ಹಲ್ಲುಜ್ಜುವ ಹೆಂಗಸರು ಇದಕ್ಕೆ ‘ಇಲ್ಲ’ ಅನ್ನುತ್ತಾರೆ, ಅದು ಸುಳ್ಳೂ ಅಲ್ಲ. ಇಂಟರ್‌ಹಾರ್ಟ್ ಲೆಕ್ಕದಲ್ಲಿ ಬರೀ ಅಗಿಯುವ ತಂಬಾಕಿನಿಂದಲೇ ಹೃದಯಾಘಾತದ ಸಾಧ್ಯಾನುಪಾತ (ತಂಬಾಕು ಮುಟ್ಟದವರ ಹೋಲಿಕೆಯಲ್ಲಿ ಎಷ್ಟು ಪಟ್ಟು ಎಂಬ ಅಂಕಿ) 2.23, ಬೀಡಿಯಿಂದ 2.89. ಶಿಬಿರದ ಫಾರ್ಮಿನಲ್ಲಿ ಈ ಪ್ರಶ್ನೆಗಳೇ ಇಲ್ಲದಿದ್ದರೆ ಮುಂದೆ ಎಂಥ ಯಂತ್ರ ತಂದರೂ ಅದಕ್ಕೆ ಕಾಣುವುದಿಲ್ಲ. ಈ ವಿಷಯದಲ್ಲಿ ಆಶಾ ಕಾರ್ಯಕರ್ತೆಯರು 30 ದಾಟಿದವರಿಗೆ ತುಂಬಿಸುವ ಸಿಬ್ಯಾಕ್ ಫಾರ್ಮ್ ಎಷ್ಟೋ ಮೇಲು: ವಯಸ್ಸು, ತಂಬಾಕು, ಮದ್ಯ, ಸೊಂಟ, ವ್ಯಾಯಾಮ, ಮನೆತನದ ರೋಗ ಇಷ್ಟಕ್ಕೆ ಅಂಕ ಕೊಟ್ಟು, 4 ದಾಟಿದವರನ್ನು ಮೊದಲು ತಪಾಸಣೆಗೆ ಕಳಿಸುತ್ತದೆ. ತಂಬಾಕು ಎಂದರೆ ಅಲ್ಲಿ ಅಗಿಯುವುದೂ ಸೇರಿತು.

ಯಂತ್ರಕಲಿಕೆ ಏನು ಹೊಸದು ತರುತ್ತದೆ

ಫ್ರೇಮಿಂಗ್‌ಹ್ಯಾಮ್ ರೀತಿಯ ಸೂತ್ರದಲ್ಲಿ ಪ್ರತಿ ಅಂಶಕ್ಕೂ ಒಂದೇ ಗುಣಾಂಕ. ಶುಗರ್ 35ನೇ ವಯಸ್ಸಿಗೆ ಬಂದರೂ 65ಕ್ಕೆ ಬಂದರೂ ಕೂಡುವುದು ಅದೇ 0.57367. ನಿಜ ಜೀವನ ಹಾಗಿರಲಾರದು. ಯಂತ್ರಕಲಿಕೆಯ, ಅಂದರೆ ಡೇಟಾ ನೋಡಿ ಕಂಪ್ಯೂಟರ್ ತಾನೇ ಕಲಿಯುವ, ಮಾಡೆಲುಗಳು ಇಂಥ ಕೂಡುದಾರಿಗಳನ್ನು ತಾವೇ ಹುಡುಕುತ್ತವೆ. ಹೆಚ್ಚು ಬಳಕೆಯಲ್ಲಿರುವ ಗ್ರೇಡಿಯೆಂಟ್ ಬೂಸ್ಟಿಂಗ್ ಹೀಗೆ ನಡೆಯುತ್ತದೆ: ಮೊದಲೊಂದು ಪುಟ್ಟ ಪ್ರಶ್ನೆಮರ ಒರಟಾಗಿ ಊಹಿಸುತ್ತದೆ (‘50 ದಾಟಿದೆಯೇ? ಬಿಪಿ 140 ದಾಟಿದೆಯೇ?’). ಅದು ಎಲ್ಲೆಲ್ಲಿ ಎಡವಿತೋ ಅಷ್ಟನ್ನು ಮಾತ್ರ ತಿದ್ದಲು ಎರಡನೆಯ ಮರ, ಅದರ ತಪ್ಪನ್ನು ತಿದ್ದಲು ಮೂರನೆಯದು, ಹೀಗೆ ನೂರಾರು. ಒಂದೇ ಲೆಕ್ಕಪುಸ್ತಕವನ್ನು ಸಾಲಾಗಿ ನೂರು ಗುಮಾಸ್ತರು ನೋಡಿ, ಪ್ರತಿಯೊಬ್ಬನೂ ಹಿಂದಿನವನ ಬಾಕಿಯನ್ನು ಅಷ್ಟಷ್ಟೇ ಸರಿಪಡಿಸಿದಂತೆ.

ಲಾಭ ಎಷ್ಟು? 2017ರಲ್ಲಿ ಬ್ರಿಟನ್ನಿನ 3,78,256 ರೋಗಿಗಳ ದಾಖಲೆಯ ಮೇಲೆ ನಡೆದ ಪ್ರಯೋಗದಲ್ಲಿ ಅಮೆರಿಕದ ರೂಢಿಯ ಸೂತ್ರಕ್ಕೆ ಎಯುಸಿ 0.728 ಬಂತು, ಯಂತ್ರಕಲಿಕೆಯ ಇನ್ನೊಂದು ಬಗೆಯಾದ ನ್ಯೂರಲ್ ನೆಟ್‌ವರ್ಕಿಗೆ 0.764. ಸುದ್ದಿಯಾದದ್ದು ಇಷ್ಟೇ. ಅದೇ ಪ್ರಬಂಧದಲ್ಲಿ, ಅದೇ 30 ಅಂಶಗಳನ್ನು ಕೊಟ್ಟ ಹಳೆಯ ಕಾಲದ, ಗುಣಾಂಕ ಗುಣಿಸಿ ಕೂಡುವ ಲಾಜಿಸ್ಟಿಕ್ ರಿಗ್ರೆಶನ್ 0.760 ತೆಗೆದಿತ್ತು! ಏರಿದ ಹೆಚ್ಚಿನ ಪಾಲು ಹೊಸ ಮಾಹಿತಿಯಿಂದ ಬಂದದ್ದು, ಹೊಸ ಯಂತ್ರದಿಂದ ಬಂದದ್ದು ಚೂರು. 2019ರಲ್ಲಿ 71 ಅಧ್ಯಯನಗಳನ್ನು ಜಾಲಾಡಿದ ಒಂದು ಸಮೀಕ್ಷೆಯೂ ಲಾಜಿಸ್ಟಿಕ್ ರಿಗ್ರೆಶನ್ನಿಗಿಂತ ಯಂತ್ರಕಲಿಕೆ ಮೇಲೆಂದು ಹೇಳಲು ಆಧಾರ ಕಾಣಲಿಲ್ಲ ಎಂದಿತು. ಹತ್ತಿಪ್ಪತ್ತು ಕಾಲಂಗಳ ಕೋಷ್ಟಕಕ್ಕೆ ಹಳೆಯ ವಿಧಾನವೇ ಧಾರಾಳ ಎನ್ನುವುದು ನಮ್ಮ ಅಭಿಪ್ರಾಯ. ಚಿತ್ರ, ಇಸಿಜಿ ಅಲೆ ಇವುಗಳ ಕತೆ ಬೇರೆ. ಅಲ್ಲಿ ಕಾಲಂ ಮಾಡಿಕೊಡಲು ಮನುಷ್ಯರಿಗೇ ಬರುವುದಿಲ್ಲವಾದ್ದರಿಂದ ನ್ಯೂರಲ್ ನೆಟ್‌ವರ್ಕ್ ಬೇಕೇ ಬೇಕು.

ಶೇ. 99ರ ಪ್ರಾಜೆಕ್ಟ್

ಎಂಜಿನಿಯರಿಂಗ್ ಕಾಲೇಜುಗಳ ಊರಾದ ಪುಣೆಯಲ್ಲಿ ಕೊನೆಯ ವರ್ಷದ ಹುಡುಗ ಹುಡುಗಿಯರಿಗೆ ‘ಹೃದಯರೋಗ ಮುನ್ಸೂಚನೆ’ ಒಂದು ಅಚ್ಚುಮೆಚ್ಚಿನ ಪ್ರಾಜೆಕ್ಟ್. ಇಂಥ ಪ್ರಾಜೆಕ್ಟುಗಳು ಹಿಡಿಯುವುದು ಸಾಮಾನ್ಯವಾಗಿ ಕ್ಲೀವ್‌ಲ್ಯಾಂಡ್ ಡೇಟಾ: 1980ರ ದಶಕದ 303 ರೋಗಿಗಳು, 14 ಕಾಲಂ. ಡೇಟಾ ಹಂಚಿಕೊಳ್ಳುವ ಕ್ಯಾಗಲ್ ತಾಣದಲ್ಲಿ ಓಡಾಡುವ ಇದರ ಒಂದು ರೂಪದಲ್ಲಿ 1,025 ಸಾಲುಗಳಿವೆ. ಡೇಟಾ ದೊಡ್ಡದಾಯಿತೆಂದು ಖುಷಿಪಡುವ ಮೊದಲು ನಕಲು ಸಾಲುಗಳನ್ನು ತೆಗೆದುಹಾಕುವ ಒಂದೇ ಸಾಲಿನ ಕೋಡ್ ಓಡಿಸಿ: ಉಳಿಯುವುದು 302. ಉಳಿದ 723 ಬರೀ ನಕಲು. ಇದನ್ನು ಗಮನಿಸದೆ ಶೇ. 80 ಕಲಿಕೆಗೆ, ಶೇ. 20 ಪರೀಕ್ಷೆಗೆ ಎಂದು ಕಲಸಿ ಹಂಚಿದರೆ ಪರೀಕ್ಷೆಗೆ ಬಂದ ಬಹುತೇಕ ರೋಗಿಗಳ ಅವಳಿ ಕಲಿಕೆಯಲ್ಲೇ ಕೂತಿರುತ್ತದೆ. ಹಲವು ಪ್ರಶ್ನೆಮರಗಳ ಮಾಡೆಲಾದ ರ್‍ಯಾಂಡಮ್ ಫಾರೆಸ್ಟ್ ಅದನ್ನು ಬಾಯಿಪಾಠ ಮಾಡಿ ಶೇ. 99 ತೆಗೆಯುತ್ತದೆ. ಪ್ರಶ್ನೆಪತ್ರಿಕೆ ಸೋರಿದ ಪರೀಕ್ಷೆಯ ಅಂಕ ಅದು.

ಆ ಕಡತದಲ್ಲಿ ಇನ್ನೊಂದು ಎಡವಟ್ಟೂ ಇದೆ: ಮೂಲದಲ್ಲಿ 0 ಅಂದರೆ ರೋಗವಿಲ್ಲ, ಕ್ಯಾಗಲ್‌ನ ರೂಪದಲ್ಲಿ ಗುರುತು ತಿರುಗಿ 1 ಅಂದರೆ ರೋಗವಿಲ್ಲ ಎಂದಾಗಿದೆ. ಎದೆನೋವು ಇರುವುದೇ ಒಳ್ಳೆಯದು ಎಂದು ಮಾಡೆಲ್ ಹೇಳತೊಡಗಿದರೆ ಗಾಬರಿ ಬೀಳಬೇಡಿ, ಗುರುತು ನೋಡಿಕೊಳ್ಳಿ. ಎಲ್ಲಕ್ಕಿಂತ ಮುಖ್ಯವಾಗಿ, ಈ ಡೇಟಾ ಭವಿಷ್ಯದ ಅಪಾಯದ್ದಲ್ಲವೇ ಅಲ್ಲ. ಆಂಜಿಯೋಗ್ರಾಮಿಗೆ ಬಂದವರಲ್ಲಿ ಆ ದಿನವೇ ರಕ್ತನಾಳ ಅರ್ಧಕ್ಕಿಂತ ಹೆಚ್ಚು ಕಟ್ಟಿದೆಯೇ ಎನ್ನುವುದೇ ಅದರ ಉತ್ತರ. ಹತ್ತು ವರ್ಷದ ಅಪಾಯ ಹೇಳುವ ಶಿಬಿರದ ಆ್ಯಪನ್ನು ಇದರ ಮೇಲೆ ಕಟ್ಟುವುದು ಅಂದರೆ ಜ್ವರ ಇದ್ದವರನ್ನು ನೋಡಿ ಮುಂದಿನ ವರ್ಷದ ಮಳೆ ಹೇಳಿದಂತೆ.

‘ಅಕ್ಯುರೆಸಿ’ ಎಂಬ ಅಂಕಿಯೇ ಇಲ್ಲಿ ಮೋಸಗಾರ. ಸಾವಿರ ಜನರಲ್ಲಿ 50 ಜನರಿಗೆ ರೋಗ ಬರುವುದಾದರೆ ‘ಯಾರಿಗೂ ಬರದು’ ಎನ್ನುವ ಮಾಡೆಲಿನ ಅಕ್ಯುರೆಸಿ ಶೇ. 95. ಬಂದವರಲ್ಲಿ ಶೇ. 80ನ್ನು ಹಿಡಿಯುವ, ಬಾರದವರಲ್ಲಿ ಶೇ. 80ನ್ನು ಸರಿಯಾಗಿ ಬಿಡುವ ಒಳ್ಳೆಯ ಮಾಡೆಲ್ 40 ಜನರನ್ನು ಹಿಡಿಯುತ್ತದೆ, ಜೊತೆಗೆ 190 ಆರೋಗ್ಯವಂತರನ್ನೂ ಹೆದರಿಸುತ್ತದೆ. ‘ಅಪಾಯ’ ಎಂದು ಬರೆಸಿಕೊಂಡ 230 ಜನರಲ್ಲಿ ನಿಜವಾದವರು ಶೇ. 17.

ರೋಗಿಗಳು ಕಡಿಮೆ ಎಂದು ಸ್ಮೋಟ್ ಎಂಬ ವಿಧಾನ ಬಳಸಿ ಕೃತಕ ರೋಗಿಗಳನ್ನು ಸೃಷ್ಟಿಸಿ ಅರ್ಧಕ್ಕರ್ಧ ಮಾಡುವ ಅಭ್ಯಾಸ ಇನ್ನೂ ಹೋಗಿಲ್ಲ. ಹಾಗೆ ಮಾಡಿದರೆ ಸರದಿ ಉಳಿದೀತು, ಕ್ಯಾಲಿಬ್ರೇಶನ್ ಹಾಳಾಗುತ್ತದೆ. ಶೇ. 5 ಇರುವಲ್ಲಿ ಶೇ. 50 ಮಾಡಿದರೆ ನಿಜಕ್ಕೂ ಶೇ. 5 ಅಪಾಯವಿರುವ ವ್ಯಕ್ತಿಗೆ ಮಾಡೆಲ್ ಸುಮಾರು ಶೇ. 50 ತೋರಿಸುತ್ತದೆ. ಅಂಥ ರಿಪೋರ್ಟ್ ಹಿಡಿದವರ ಮನೆಯಲ್ಲಿ ಆ ರಾತ್ರಿ ಯಾರೂ ಊಟ ಮಾಡುವುದಿಲ್ಲ.

ಆಸ್ಪತ್ರೆಯ ಡೇಟಾ ಹಿಡಿದು ಕೂತಾಗ

ಮುಂಬಯಿಯಲ್ಲೋ ಗೋವಾದಲ್ಲೋ ಒಂದು ಆಸ್ಪತ್ರೆಯ ದಾಖಲೆಗಳಿಂದ ನಿಜವಾದ ಮಾಡೆಲ್ ಕಟ್ಟಲು ಹೊರಟವರು ಕೋಡ್ ಬರೆಯುವ ಮೊದಲು ಒಂದು ದಿನಾಂಕ ಗೊತ್ತುಮಾಡಿಕೊಳ್ಳಬೇಕು: ಮುನ್ಸೂಚನೆ ಹೇಳುವ ದಿನ. ಅದಕ್ಕೆ ಮುಂಚೆ ಗೊತ್ತಿದ್ದದ್ದು ಮಾತ್ರ ಒಳಗೆ ಹೋಗಬೇಕು. ಈ ಗೆರೆ ಸಡಿಲವಾದರೆ ‘ಕ್ಲೋಪಿಡೋಗ್ರೆಲ್ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ) ತೆಗೆದುಕೊಳ್ಳುತ್ತಿದ್ದಾರೆ’ ಎಂಬ ಕಾಲಂ ಒಳನುಸುಳುತ್ತದೆ, ಮಾಡೆಲ್ ಅದ್ಭುತವಾಗಿ ಕಾಣುತ್ತದೆ. ಆ ಮಾತ್ರೆ ಬರೆದುಕೊಟ್ಟದ್ದೇ ಹೃದಯಾಘಾತ ಆದಮೇಲೆ.

ಆಮೇಲೆ ಎಣಿಸಬೇಕಾದದ್ದು ಸಾಲುಗಳನ್ನಲ್ಲ, ಘಟನೆಗಳನ್ನು. 2,000 ರೋಗಿಗಳಿದ್ದು ಹೃದಯಾಘಾತ ಆದದ್ದು 60 ಜನರಿಗೆ ಎಂದಾದರೆ ನಿಮ್ಮ ಕೈಯಲ್ಲಿರುವುದು 60ರ ಬಂಡವಾಳ. ಒಂದು ಅಂಶಕ್ಕೆ ಕನಿಷ್ಠ ಹತ್ತು ಘಟನೆ ಎಂಬ ಒರಟು ನಿಯಮದಂತೆ ಆರು ಅಂಶಕ್ಕೆ ಸಾಕು. ಮರಗಳ ಮಾಡೆಲುಗಳ ಹಸಿವು ಇನ್ನೂ ಹೆಚ್ಚು.

ಖಾಲಿ ಬಿಟ್ಟ ಖಾನೆಗಳು ದೊಡ್ಡ ತಲೆನೋವು. ಡಾಕ್ಟರಿಗೆ ಅನುಮಾನ ಬಂದವರಿಗೇ ಲಿಪಿಡ್ ಪರೀಕ್ಷೆ ಬರೆಯುವುದರಿಂದ ಖಾಲಿ ಇರುವುದೂ ಒಂದು ಸುಳಿವು. ಸರಾಸರಿ ತುಂಬಿಸಿ ಮುಂದೆ ಹೋದರೆ ಏನಾಗುತ್ತದೆ ಎನ್ನುವುದಕ್ಕಿಂತ, ಜಾಣ ವಿಧಾನವನ್ನೇ ತಪ್ಪಾಗಿ ಬಳಸಿದರೆ ಏನಾಗುತ್ತದೆ ಎಂಬುದಕ್ಕೆ ಪ್ರಸಿದ್ಧ ಉದಾಹರಣೆ ಇದೆ. 2007ರಲ್ಲಿ ಬ್ರಿಟನ್ನಿನ ಕ್ಯೂರಿಸ್ಕ್ ಎಂಬ ಹೃದಯದ ಅಪಾಯದ ಸೂತ್ರ ಮೊದಲ ಸಲ ಪ್ರಕಟವಾದಾಗ ಕೊಲೆಸ್ಟರಾಲ್ ಅನುಪಾತಕ್ಕೂ ಹೃದಯರೋಗಕ್ಕೂ ಸಂಬಂಧವೇ ಇಲ್ಲ ಎನ್ನುವಂತೆ ಲೆಕ್ಕ ಬಂದಿತ್ತು! ಬಹುಪಾಲು ಜನರಿಗೆ ಆ ಅಂಕಿ ಇರಲಿಲ್ಲ, ಅದನ್ನು ತುಂಬಿಸಿದ ರೀತಿಯಲ್ಲಿ ದೋಷವಿತ್ತು. ಓದಿದವರು ಕೂಡಲೇ ಎತ್ತಿ ತೋರಿಸಿದರು, ಲೇಖಕರು ತಿದ್ದಿದರು, ಸಂಬಂಧ ಮರಳಿ ಕಾಣಿಸಿತು. ಗೊತ್ತಿರುವ ಸತ್ಯದ ಜೊತೆ ತಾಳೆಯಾಗದ ಗುಣಾಂಕ ಕಂಡರೆ ಮೊದಲು ಖಾಲಿ ಖಾನೆಗಳ ಕಡೆ ಹೋಗಿ.

ಪರೀಕ್ಷೆಗೆ ಡೇಟಾ ಎತ್ತಿಡುವಾಗ ಕಲಸಿ ಹಂಚುವುದಕ್ಕಿಂತ ಕಾಲದಿಂದ ಕತ್ತರಿಸುವುದು ಮೇಲು: ಮೊದಲ ವರ್ಷಗಳಲ್ಲಿ ಕಲಿಸಿ, ನಂತರದ ವರ್ಷಗಳಲ್ಲಿ ಪರೀಕ್ಷಿಸಿ. ಅದಕ್ಕಿಂತ ಮೇಲು ಇನ್ನೊಂದು ಆಸ್ಪತ್ರೆಯ ಡೇಟಾ. ಠಾಣೆಯಲ್ಲಿ ಚೆನ್ನಾಗಿ ಓಡಿದ್ದು ವಾಸ್ಕೋದಲ್ಲಿ ಮುಗ್ಗರಿಸಿದರೆ ಮಾಡೆಲ್ ಎಸೆಯುವ ಅಗತ್ಯವಿಲ್ಲ. ಮೂಲ ಅಂಕಿಯನ್ನು ಸ್ಥಳಕ್ಕೆ ಹೊಂದಿಸಿದರೆ ಬಹಳ ಸಲ ಅರ್ಧ ತೊಂದರೆ ಅಲ್ಲೇ ತೀರುತ್ತದೆ.

ಹಿಂಜವಡಿಯ ಮೂವತ್ತಾರು

ಹತ್ತು ವರ್ಷದ ಲೆಕ್ಕ ಎಳೆಯರಿಗೆ ಬಂದಾಗ ಮಂಕಾಗುತ್ತದೆ. ಹಿಂಜವಡಿಯ ಐಟಿ ಕಚೇರಿಯಲ್ಲಿ ಕೂರುವ 36 ವರ್ಷದವನೊಬ್ಬ: ಕೊಲೆಸ್ಟರಾಲ್ 220, ಎಚ್‌ಡಿಎಲ್ 36, ಬಿಪಿ 132, ಸಿಗರೇಟು ಇದೆ, ಶುಗರ್ ಇಲ್ಲ. ಅದೇ ಫ್ರೇಮಿಂಗ್‌ಹ್ಯಾಮ್ ಸೂತ್ರ ಶೇ. 9.2 ಎನ್ನುತ್ತದೆ. ಶೇ. 10 ಗೆರೆ ಹಾಕಿದ ಆ್ಯಪ್ ಅವನಿಗೆ ಹಸಿರು ಬಣ್ಣ ತೋರಿಸಿ ಕಳಿಸುತ್ತದೆ. ವಯಸ್ಸಿನ ಗುಣಾಂಕ ಅಷ್ಟು ಬಲವಾಗಿರುವುದರಿಂದ ಮೂವತ್ತರ ಹರೆಯದವರು ಏನೇ ಮಾಡಿದರೂ ಕೆಂಪಿಗೆ ಹೋಗುವುದು ಕಷ್ಟ.

ಅದೇ ಅಂಕಿಯನ್ನು ತಿರುಗಿಸಿ ಕೇಳಬಹುದು: ಸಿಗರೇಟು, ಶುಗರ್, ಮಾತ್ರೆ ಇಲ್ಲದ, ಕೊಲೆಸ್ಟರಾಲ್ 180, ಎಚ್‌ಡಿಎಲ್ 45, ಬಿಪಿ 125 ಇರುವ ಗಂಡಸು ಎಷ್ಟನೇ ವಯಸ್ಸಿಗೆ ಈ 9.2ಕ್ಕೆ ಮುಟ್ಟುತ್ತಾನೆ? ಸಮೀಕರಣ ಬಿಡಿಸಿದರೆ 53. ಇದನ್ನೇ ‘ಹೃದಯದ ವಯಸ್ಸು’ ಎನ್ನುತ್ತಾರೆ. ಸಿಗರೇಟಿನ ಖಾನೆಯಲ್ಲಿ ‘ಇಲ್ಲ’ ಹಾಕಿದರೆ 43ಕ್ಕೆ ಬರುತ್ತದೆ. ಅದು ಇವನ ಉಳಿದ ಅಂಕಿಗಳೇ ಇರುವ, ಸಿಗರೇಟು ಸೇದದ ಇನ್ನೊಬ್ಬನ ಲೆಕ್ಕ. ಇವನು ನಾಳೆ ಬಿಟ್ಟರೆ ನಾಡಿದ್ದೇ 43 ಆಗುವುದಿಲ್ಲ. ಬಿಪಿ ಮಾತ್ರೆಯ 26.3 ಕಲಿಸಿದ ಪಾಠ ಇಲ್ಲಿಗೂ ಅಷ್ಟೇ ಸಲ್ಲುತ್ತದೆ.